ಬಾಣವಿಲ್ಲದ ಜಾಗ: ಕಚೇರಿಯ ಮಾಹಿತಿಯನ್ನು ಚಿತ್ರದಲ್ಲಿ ಓದುವುದು



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ಕಂದಾಯ ಇಲಾಖೆಯಲ್ಲಿ ಸೇವೆ ಮಾಡಿದವರು ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿದೆ. ನಾನು ಪಾಠ ಮಾಡುವುದು ಸಿಸ್ಟಮ್ಸ್ ಅನಾಲಿಸಿಸ್. ಸಂಸ್ಥೆಯೊಂದರಲ್ಲಿ ಮಾಹಿತಿ ಹೇಗೆ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚೌಕ, ವೃತ್ತ, ಬಾಣಗಳಲ್ಲಿ ಬರೆದು ತಿಳಿಯುವ ವಿದ್ಯೆ ಅದು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗುವ ಉದಾಹರಣೆಗಳು ವಿಮಾನದ ಟಿಕೆಟ್ಟು, ಗ್ರಂಥಾಲಯದ ಪುಸ್ತಕ, ಪಿಜ್ಜಾ ಆರ್ಡರು. ಇವತ್ತು ನಾನು ತೆಗೆದುಕೊಳ್ಳುವುದು ಜಮೀನಿನ ಹಕ್ಕುದಾಖಲೆಯಾದ ಪಹಣಿಯನ್ನು. ಅದನ್ನು ನೋಡದವರು ಈ ಸಭಾಂಗಣದಲ್ಲಿ ಕಡಿಮೆ. ಜೊತೆಗೆ, ಚಿತ್ರ ಬರೆದು ನೋಡಿದಾಗ ಪಹಣಿಯಷ್ಟು ಗುಟ್ಟು ಬಿಟ್ಟುಕೊಡುವ ಇನ್ನೊಂದು ಕಾಗದ ನನಗೆ ಗೊತ್ತಿಲ್ಲ.

ಮಾಹಿತಿ ವ್ಯವಸ್ಥೆ ಎಂದಕೂಡಲೇ ಎಲ್ಲರಿಗೂ ಕಂಪ್ಯೂಟರು ಕಣ್ಮುಂದೆ ಬರುತ್ತದೆ. ಆದರೆ ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಕಡತ, ಪಟೇಲರ ಬಾಯಿಮಾತು, ಅಮಲ್ದಾರರ ಜಮಾಬಂದಿ ಸೇರಿದರೆ ಅದೂ ಒಂದು ಪೂರ್ತಿ ಮಾಹಿತಿ ವ್ಯವಸ್ಥೆಯೇ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಕುಳಿತವರು ಬದಲಾದರು. ದಾಖಲೆ ಇಡುವ, ತಿದ್ದುವ, ನಕಲು ಕೊಡುವ ಮೂರು ಕೆಲಸವೂ ಒಬ್ಬರ ಕೈಯಲ್ಲೇ ಉಳಿಯಿತು. ಕುರ್ಚಿಗಳ ಪಟ್ಟಿ ನೋಡಿದವರಿಗೆ ದೊಡ್ಡ ಬದಲಾವಣೆ, ಮಾಹಿತಿಯ ದಾರಿ ನೋಡಿದವರಿಗೆ ಬಹುಮಟ್ಟಿಗೆ ಅದೇ ಹಳೆಯ ವ್ಯವಸ್ಥೆ.

ಕುರ್ಚಿಗಳ ಪಟ್ಟಿಯ, ಅಂದರೆ ಯಾರ ಕೆಳಗೆ ಯಾರು ಎಂದು ತೋರಿಸುವ ಚಿತ್ರಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ನ್ಯೂಯಾರ್ಕ್ ಆ್ಯಂಡ್ ಈರಿ ರೈಲು ಕಂಪನಿಯ ಸೂಪರಿಂಟೆಂಡೆಂಟ್ ಡೇನಿಯಲ್ ಮೆಕ್ಯಾಲಮ್ 1855ರಲ್ಲಿ ತನ್ನ ಸಂಸ್ಥೆಯನ್ನು ಒಂದು ಗಿಡದ ಹಾಗೆ ಬರೆಸಿದ. ಐವತ್ತು ಮೈಲಿಯ ರೈಲುದಾರಿಯನ್ನು ಒಬ್ಬ ಅಧಿಕಾರಿ ಖುದ್ದಾಗಿ ನೋಡಿಕೊಳ್ಳಬಹುದು, ಐನೂರು ಮೈಲಿಗೆ ಆ ರೀತಿ ನಡೆಯುವುದಿಲ್ಲ ಎಂಬುದು ಅವನ ತಲೆನೋವಾಗಿತ್ತು. ಯಾವ ನಿಲ್ದಾಣದಿಂದ ಯಾವ ವರದಿ ಯಾರಿಗೆ ತಂತಿಯಲ್ಲಿ ಬರಬೇಕೆಂದು ಗೊತ್ತುಮಾಡುವುದಕ್ಕೆ ಆ ಚಿತ್ರ ಬೇಕಾಯಿತು. ಅದರಲ್ಲಿ ಅಧ್ಯಕ್ಷರೂ ನಿರ್ದೇಶಕರೂ ಕೆಳಗೆ ಬೇರಿನ ಜಾಗದಲ್ಲಿದ್ದಾರೆ, ಗಾರ್ಡು, ಕೂಲಿಗಳು ಮೇಲೆ ಎಲೆಗಳಲ್ಲಿದ್ದಾರೆ. ಆಮೇಲೆ ಬಂದವರು ಗಿಡವನ್ನು ತಲೆಕೆಳಗು ಮಾಡಿ ಸಾಹೇಬರನ್ನು ಮೇಲೆ ಕೂರಿಸಿದರು, ವರದಿಯ ಮಾತನ್ನು ಬಿಟ್ಟುಬಿಟ್ಟರು. ಇಂದು ನಮ್ಮ ಕಚೇರಿಗಳ ಗೋಡೆಯ ಮೇಲೆ, ‘ಸೇವೆ ಸಲ್ಲಿಸಿದ ಅಧಿಕಾರಿಗಳು’ ಎಂಬ ಕಪ್ಪು ಹಲಗೆಯ ಪಕ್ಕ ತೂಗುವುದು ಆ ತಲೆಕೆಳಗಾದ ಗಿಡ. ಯಾರು ಯಾರಿಗೆ ಸಲಾಮು ಹೊಡೆಯಬೇಕು ಎಂಬುದು ಅದರಿಂದ ತಿಳಿಯುತ್ತದೆ. ನಿಮ್ಮ ಅರ್ಜಿ ಈಗ ಯಾರ ಮೇಜಿನ ಮೇಲಿದೆ ಎಂಬುದು ತಿಳಿಯುವುದಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು. ಒಂದೊಂದು ಬಗೆಯ ಚಿತ್ರಕ್ಕೂ ಒಂದೊಂದು ಕುರುಡಿದೆ. ಸಂಸ್ಥೆಯ ತೊಂದರೆ ಸಾಮಾನ್ಯವಾಗಿ ನಾವು ಇಷ್ಟಪಟ್ಟು ಬರೆಯುವ ಚಿತ್ರದ ಕುರುಡಿನಲ್ಲೇ ಅಡಗಿರುತ್ತದೆ. ಆದ್ದರಿಂದ ಒಂದೇ ಕಚೇರಿಯನ್ನು ಎರಡು ಮೂರು ಬಗೆಯಲ್ಲಿ ಬರೆದು, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆಯೇ ಎಂದು ನೋಡಬೇಕು.

ಮೊದಲು, ಪಹಣಿಯನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಾಟಕದ ಸುಮಾರು 2 ಕೋಟಿ ಜಮೀನು ದಾಖಲೆಗಳು, ಸುಮಾರು 67 ಲಕ್ಷ ಹಿಡುವಳಿದಾರರ ಹಕ್ಕುಗಳು, ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. 2000ದ ಆಸುಪಾಸಿನಲ್ಲಿ ಅವೆಲ್ಲ ಕಂಪ್ಯೂಟರಿಗೆ ಏರಿದವು. ಆಗಿದ್ದ 177 ತಾಲೂಕುಗಳಲ್ಲೂ ಕಿಯಾಸ್ಕ್ ಬಂತು, 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಪಡೆಯಬಹುದಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂದು ತಂತ್ರಾಂಶವೇ ಕಟ್ಟುಮಾಡಿತು, ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಯಿತು. ಕಿಯಾಸ್ಕಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಟ್ಟಿದ್ದರು. ನನಗೆ ಈ ಯೋಜನೆಯಲ್ಲಿ ಬಹಳ ಹಿಡಿಸಿದ್ದು ಆ ಪರದೆ. ಏಕೆಂದರೆ ಮಾಹಿತಿಯ ಬಾಣವೊಂದನ್ನು ಹೊಸದಾಗಿ ಎಳೆದದ್ದು ಅದು, ಉಳಿದದ್ದರಲ್ಲಿ ಬಹುಪಾಲು ಇದ್ದ ಬಾಣಗಳನ್ನು ಚುರುಕು ಮಾಡಿದ ಕೆಲಸ.

ಈಗ ಚಿತ್ರಕ್ಕೆ ಬರೋಣ. ದತ್ತಾಂಶ ಹರಿವಿನ ನಕ್ಷೆ, ನಮ್ಮ ಹುಡುಗರ ಬಾಯಲ್ಲಿ ಡಿಎಫ್‌ಡಿ, 1970ರ ದಶಕದ ಕೊನೆಯ ಬೆಳೆ. ಟಾಮ್ ಡಿಮಾರ್ಕೊ ಒಂದು ಕಡೆ, ಕ್ರಿಸ್ ಗೇನ್ ಮತ್ತು ಟ್ರಿಶ್ ಸಾರ್ಸನ್ ಇನ್ನೊಂದು ಕಡೆ ಅದನ್ನು ಪುಸ್ತಕವಾಗಿ ಬೆಳೆಸಿದರು. ನಾಲ್ಕೇ ಗುರುತು: ಹೊರಗಿನವರಿಗೆ ಚೌಕ, ಕೆಲಸಕ್ಕೆ ವೃತ್ತ, ದಾಖಲೆ ಇಡುವ ಜಾಗಕ್ಕೆ ಎರಡು ಸಮಾನಾಂತರ ಗೆರೆ, ಮಾಹಿತಿಗೆ ಬಾಣ. ಇಷ್ಟು ಸುಲಭದ್ದನ್ನು ಕಲಿಯುವುದಕ್ಕೆ ಒಂದು ಗಂಟೆ ಸಾಕು. ಅದರ ಕಟ್ಟುಪಾಡುಗಳು ಮಾತ್ರ ಬಿಗಿ. ಪ್ರತಿ ಬಾಣಕ್ಕೂ ಒಂದು ಹೆಸರು ಬೇಕು, ಅದೂ ವಸ್ತುವಿನ ಹೆಸರು. ‘ಮಾಹಿತಿ’ ಎಂದು ಬರೆದರೆ ನಾನು ಅಂಕ ಕೊಡುವುದಿಲ್ಲ. ಒಂದು ದಾಖಲೆಯಿಂದ ಇನ್ನೊಂದು ದಾಖಲೆಗೆ ಬಾಣ ತಾನಾಗಿ ಹೋಗುವಂತಿಲ್ಲ, ನಡುವೆ ಯಾರಾದರೂ ಏನಾದರೂ ಮಾಡಬೇಕು. ವೃತ್ತದ ಒಳಗೆ ಬಾಣ ಹೋಗಿ ಹೊರಗೆ ಏನೂ ಬರದಿದ್ದರೆ ಅದು ಕಪ್ಪುಕುಳಿ. ಒಳಗೆ ಏನೂ ಹೋಗದೆ ಹೊರಗೆ ಬಂದರೆ ಪವಾಡ. ಎರಡೂ ತಪ್ಪು.

ಮೊದಲ ಹಾಳೆಯಲ್ಲಿ ಒಂದೇ ಒಂದು ವೃತ್ತ: ‘ಪಹಣಿ ನಿರ್ವಹಣೆ’. ಸುತ್ತ ಯಾರು ಬರುತ್ತಾರೆ? ರೈತರು, ಸಬ್ ರಿಜಿಸ್ಟ್ರಾರ್, ಬ್ಯಾಂಕು, ಸೊಸೈಟಿ, ನ್ಯಾಯಾಲಯ, ಸರ್ವೆ ಇಲಾಖೆ. ತರಗತಿಯಲ್ಲಿ ಇದನ್ನು ಬರೆಸಿದರೆ ಗ್ರಾಮ ಲೆಕ್ಕಿಗರನ್ನು ಎಲ್ಲಿಡಬೇಕು ಎಂಬ ಮಾತಿಗೆ ಅರ್ಧ ಗಂಟೆ ಜಗಳ ನಡೆಯುತ್ತದೆ. ವೃತ್ತದ ಒಳಗೋ, ಹೊರಗೋ? ಜಗಳ ಆಗಲಿ ಎಂದೇ ನಾನು ಬಿಡುತ್ತೇನೆ. ಭೂಮಿ ಬರುವ ಮೊದಲು ಅವರೇ ವ್ಯವಸ್ಥೆ. ಬಂದ ಮೇಲೆ ಪಹಣಿ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲಿದೆ, ಲೆಕ್ಕಿಗರು ಅದಕ್ಕೆ ನೋಟಿಸು, ವರದಿ ತಂದುಕೊಡುವವರು. ಒಬ್ಬ ಸಿಬ್ಬಂದಿ ವೃತ್ತದ ಒಳಗಿನಿಂದ ಅಂಚಿಗೆ ಸರಿದರು ಎಂಬ ಸಂಗತಿಯನ್ನು ಗೋಡೆಯ ಗಿಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅವರು ಇದ್ದ ಕೊಂಬೆಯಲ್ಲೇ ಇದ್ದಾರೆ. ಈಗ ಅವರ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು.

ಎರಡನೇ ಹಾಳೆಯಲ್ಲಿ ವೃತ್ತವನ್ನು ಬಿಡಿಸಬೇಕು. ಜಮೀನು ಮಾರಾಟವಾಯಿತು ಎನ್ನಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನೋಂದಣಿಯ ಸುದ್ದಿ ತಿಳಿಸುವ ಜೆ ಫಾರಂ ತಾಲೂಕು ಕಚೇರಿಗೆ ಬರುತ್ತದೆ. ಹಕ್ಕುಳ್ಳವರಿಗೆ ನೋಟಿಸು ಹೋಗುತ್ತದೆ, ಚಾವಡಿಯಲ್ಲಿ ಅಂಟಿಸುತ್ತಾರೆ. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಮ್ಯುಟೇಶನ್ ರಿಜಿಸ್ಟರಿನಲ್ಲಿ, ಅಂದರೆ ಎಂ.ಆರ್. ಎಂಬ ಹಕ್ಕು ಬದಲಾವಣೆಯ ವಹಿಯಲ್ಲಿ, ಆದೇಶ ಬರೆಯುತ್ತಾರೆ. ಬಂದರೆ ಅದು ತಕರಾರು ಪ್ರಕರಣವಾಗಿ ಮೇಲಕ್ಕೆ ಹೋಗುತ್ತದೆ. ಆದೇಶದ ಮೇಲೆ ಪಹಣಿಯ 9ನೇ ಕಾಲಮ್ಮಿನಲ್ಲಿ ಹೊಸ ಹೆಸರು, 10ರಲ್ಲಿ ಹಕ್ಕು ಹೇಗೆ ಬಂತು ಎಂಬುದು, ಎಂ.ಆರ್. ನಂಬರಿನೊಡನೆ. ಸಾಲವಿದ್ದರೆ 11ರಲ್ಲಿ ಋಣ.

ಬಾಣಗಳಿಗೆ ಹೆಸರಿಡುತ್ತಾ ಹೋದರೆ ಹೆಚ್ಚಿನವು ಸಲೀಸಾಗಿ ಬರುತ್ತವೆ: ಕ್ರಯಪತ್ರದ ವಿವರ, ನೋಟಿಸು, ತಕರಾರು ಅರ್ಜಿ, ಆದೇಶ. ‘ಋಣ ತೀರಿತು’ ಎಂಬ ಬಾಣದ ಹತ್ತಿರ ಪೆನ್ನು ನಿಲ್ಲುತ್ತದೆ. ಸಾಲ ಕೊಟ್ಟಾಗ ಬ್ಯಾಂಕಿಗೆ ಪಹಣಿಯಲ್ಲಿ ತನ್ನ ಹೆಸರು ಏರಬೇಕೆಂಬ ಆತುರ ಇರುತ್ತದೆ. ತೀರಿದಾಗ ಅದನ್ನು ಇಳಿಸುವ ಅಗತ್ಯ ಇರುವುದು ರೈತನಿಗೆ. ಏರಿಸುವ ಬಾಣಕ್ಕೂ ಇಳಿಸುವ ಬಾಣಕ್ಕೂ ವಾರಸುದಾರರು ಬೇರೆಬೇರೆ. ತೀರಿಹೋದ ಸಾಲಗಳು 11ನೇ ಕಾಲಮ್ಮಿನಲ್ಲಿ ವರ್ಷಗಟ್ಟಲೆ ಉಳಿದುಬಿಡುವುದಕ್ಕೆ ಯಾರ ಸೋಮಾರಿತನವನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಿತ್ರದಲ್ಲೇ ಕಾರಣ ಕಾಣುತ್ತದೆ.

ಇನ್ನೊಂದು ಜಾಗ ಇದಕ್ಕಿಂತ ದೊಡ್ಡದು. ಖಾತೆದಾರ ತೀರಿಕೊಂಡರೆ ಏನಾಗುತ್ತದೆ? ಸಾವು ದಾಖಲಾಗುತ್ತದೆ, ಮರಣ ಪ್ರಮಾಣಪತ್ರ ಸಿಗುತ್ತದೆ. ಪಹಣಿಯಲ್ಲಿ ಮಾತ್ರ ಆತ ಬದುಕಿಯೇ ಇರುತ್ತಾನೆ, ವಾರಸುದಾರರು ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ, ಅರ್ಜಿ ಹಾಕುವ ತನಕ. ಅರ್ಜಿಗೆ ವಂಶವೃಕ್ಷ ಬೇಕು, ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಬೇಕು. ಹೆಣ್ಣುಮಕ್ಕಳ ಪಾಲಿನ ಮಾತು ಏಳುತ್ತದೆಂದು ಎಷ್ಟೋ ಮನೆಗಳಲ್ಲಿ ಅದನ್ನು ಮುಂದೂಡುತ್ತಾರೆ. ತಾತನ ಹೆಸರಿನಲ್ಲೇ ಮೊಮ್ಮಗ ಉಳುತ್ತಾನೆ. ಚಿತ್ರ ಬರೆಯುವವರಿಗೆ ಎದ್ದುಕಾಣುವ ಸಂಗತಿ ಇದು: ಹಳ್ಳಿಗಳಲ್ಲಿ ಜನನ-ಮರಣ ನೋಂದಣಿಯ ರಿಜಿಸ್ಟ್ರಾರ್ ಆಗಿ ಬಹುಕಾಲ ಕೆಲಸ ಮಾಡಿದವರು ಅದೇ ಗ್ರಾಮ ಲೆಕ್ಕಿಗರು. ಸಾವಿನ ವಹಿಯೂ ಅವರದೇ, ಪಹಣಿಯೂ ಅವರದೇ. ಒಂದೇ ಬೀರುವಿನ ಎರಡು ಅರೆಗಳಲ್ಲಿದ್ದ ಎರಡು ಪುಸ್ತಕಗಳ ನಡುವೆ ಬಾಣ ಇರಲಿಲ್ಲ. ಒಂದು ದಾಖಲೆಯಿಂದ ಇನ್ನೊಂದಕ್ಕೆ ಬಾಣ ತಾನಾಗಿ ಹೋಗುವುದಿಲ್ಲ, ನಡುವೆ ಒಂದು ವೃತ್ತ ಬೇಕು ಎಂದೆನಲ್ಲ. ಆ ವೃತ್ತವನ್ನು ಯಾರಿಗೂ ವಹಿಸಿರಲಿಲ್ಲ. ಕಾನೂನು ಆ ಕೆಲಸವನ್ನು ಹಕ್ಕು ಪಡೆದವರ ಮೇಲೆ ಹೊರಿಸಿ ಸುಮ್ಮನಾಗಿತ್ತು. ಕಂಪ್ಯೂಟರು ಬಂದಾಗ ಪಹಣಿ ಒಂದು ತಂತ್ರಾಂಶಕ್ಕೆ ಹೋಯಿತು, ಮರಣ ಇನ್ನೊಂದಕ್ಕೆ. ಅಲ್ಲೂ ಬಾಣ ಇರಲಿಲ್ಲ. ಈಚೆಗೆ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆದಾಗ, ಜೋಡಿಸುವುದಕ್ಕೆ ಜನವೇ ಇಲ್ಲದ ಖಾತೆಗಳು ರಾಶಿರಾಶಿಯಾಗಿ ಹೊರಬಿದ್ದವು. ಸರ್ಕಾರ ಪೌತಿ ಖಾತೆ ಆಂದೋಲನ ನಡೆಸಬೇಕಾಯಿತು. ಆಂದೋಲನ ಮಾಡಿ ತುಂಬಬೇಕಾದ ಜಾಗ ಯಾವುದಿದೆಯೋ, ಅಲ್ಲಿ ನಿತ್ಯದ ಬಾಣವೊಂದು ತಪ್ಪಿಹೋಗಿದೆ ಎಂದು ಅನುಮಾನಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಈ ನಕ್ಷೆಯ ಕುರುಡನ್ನೂ ಹೇಳಬೇಕು. ಅದಕ್ಕೆ ಕಾಲ ಗೊತ್ತಿಲ್ಲ. ನೋಟಿಸಿನಿಂದ ಆದೇಶಕ್ಕೆ ಹೋಗುವ ಬಾಣ ಒಂದು ಅಂಗುಲ ಉದ್ದ. ಆ ಅಂಗುಲದಲ್ಲಿ ಬಹುಕಾಲ 30 ದಿನಗಳಿದ್ದವು, ತಕರಾರು ಬಂದರೆ ವರ್ಷಗಳು. ಕಾಲವನ್ನು ನೋಡಬೇಕಾದರೆ ಇನ್ನೂ ಹಳೆಯ ಚಿತ್ರಕ್ಕೆ ಹೋಗಬೇಕು. ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಪ್ರೊಸೆಸ್ ಚಾರ್ಟನ್ನು ಮಂಡಿಸಿದರು. 1947ರಲ್ಲಿ ಆ ಸಂಘ ಗುರುತುಗಳನ್ನು ಐದಕ್ಕೆ ನಿಲ್ಲಿಸಿತು: ಕೆಲಸ, ಸಾಗಣೆ, ತಪಾಸಣೆ, ಸಂಗ್ರಹ ಮತ್ತು ಕಾಯುವಿಕೆ. ಕಾಯುವುದಕ್ಕೂ ಒಂದು ಗುರುತು ಬೇಕು ಎಂದು ಯಾರಿಗೋ ಹೊಳೆದದ್ದು ಸಣ್ಣ ಮಾತಲ್ಲ. ನಮ್ಮ ಕಚೇರಿಯ ಒಂದು ಕಡತವನ್ನು ಈ ಗುರುತುಗಳಲ್ಲಿ ಬರೆದು ನೋಡಿ. ಆವಕದಿಂದ ಜಾವಕದವರೆಗೆ ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ ಹೊತ್ತನ್ನು ಕೂಡಿದರೆ ಒಂದು ಊಟದ ವಿರಾಮಕ್ಕೆ ಸಾಲದು. ಮಿಕ್ಕದ್ದೆಲ್ಲ ಕಾಯುವಿಕೆ.

ಕಾನೂನು ಬೇಕೆಂದೇ ಇಟ್ಟ ಕಾಯುವಿಕೆ ಬೇರೆ, ಯಾರೂ ಇಡದೆ ತಾನಾಗಿ ಬೆಳೆದ ಕಾಯುವಿಕೆ ಬೇರೆ ಎಂಬುದನ್ನು ಇಲ್ಲಿ ಬೇರ್ಪಡಿಸಬೇಕು. ನೋಟಿಸಿನ ಅವಧಿಯಲ್ಲಿ ಕಚೇರಿ ನಿದ್ದೆ ಮಾಡುತ್ತಿಲ್ಲ. ಊರಿನಲ್ಲಿ ಒಬ್ಬ ತಂಗಿ, ಒಬ್ಬ ಪಾಲುದಾರ ಸುದ್ದಿ ತಿಳಿದು ಬರಲಿ ಎಂದು ಕಾಯುತ್ತಿದೆ. ‘ತಡ’ ಎಂದು ಎರಡಕ್ಕೂ ಒಂದೇ ಹೆಸರಿಟ್ಟು ಕತ್ತರಿಸಿದರೆ ಸೇವೆ ವೇಗವಾಗುತ್ತದೆ, ತಂಗಿಯ ತಕರಾರು ಸಿವಿಲ್ ಕೋರ್ಟಿಗೆ ಹೋಗುತ್ತದೆ. ಕಚೇರಿಯ ಅಂಕಿಅಂಶದಲ್ಲಿ ಅದು ಕಾಣುವುದಿಲ್ಲ.

ಈಗ ಮೂರನೆಯ ಚಿತ್ರ. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ. ಪೀಟರ್ ಚೆನ್ 1976ರಲ್ಲಿ ಪ್ರಕಟಿಸಿದ ಇ-ಆರ್ ಮಾದರಿಯಲ್ಲಿ ಹರಿವೂ ಇಲ್ಲ, ಕಾಲವೂ ಇಲ್ಲ. ಅದು ಕೇಳುವುದು, ಈ ಸಂಸ್ಥೆಯ ಲೆಕ್ಕದಲ್ಲಿ ಲೋಕದಲ್ಲಿ ಏನೇನು ಇದೆ, ಅವುಗಳಿಗೆ ಒಂದಕ್ಕೊಂದು ಏನು ಸಂಬಂಧ ಎಂದು. ಪಹಣಿಯನ್ನು ಮುಂದಿಟ್ಟುಕೊಂಡು ಬರೆಯೋಣ. ಒಂದು ಪೆಟ್ಟಿಗೆಯಲ್ಲಿ ‘ಜಮೀನು’. ಇನ್ನೊಂದರಲ್ಲಿ ‘ವ್ಯಕ್ತಿ’. ನಡುವೆ ವಜ್ರಾಕಾರದಲ್ಲಿ ‘ಹಕ್ಕು’. ಒಂದು ಜಮೀನಿಗೆ ಹಲವರು ಹಕ್ಕುದಾರರು ಇರಬಹುದು, ಒಬ್ಬರಿಗೆ ಹಲವು ಜಮೀನು ಇರಬಹುದು. ಈಗ ವಿಸ್ತೀರ್ಣವನ್ನು ಎಲ್ಲಿ ಬರೆಯಬೇಕು?

ಉತ್ತರ ಎರಡು ಕಡೆ. ಜಮೀನಿಗೊಂದು ವಿಸ್ತೀರ್ಣವಿದೆ, ಅದನ್ನು ಅಳೆದವರು ಸರ್ವೆಯವರು, ಬರೆದಿಟ್ಟದ್ದು ಆಕಾರಬಂದ್ ಎಂಬ ಸರ್ವೆ ದಾಖಲೆಯಲ್ಲಿ. ಪಾಲಿಗೆ ಬೇರೆಯೇ ಒಂದು ವಿಸ್ತೀರ್ಣವಿದೆ, ಅದು ವ್ಯಕ್ತಿಯದೂ ಅಲ್ಲ, ಜಮೀನಿನದೂ ಅಲ್ಲ, ಹಕ್ಕು ಎಂಬ ಸಂಬಂಧದ್ದು. ಇವೆರಡರ ನಡುವೆ ಒಂದು ಕಟ್ಟುಪಾಡಿದೆ: ಪಾಲುಗಳನ್ನೆಲ್ಲ ಕೂಡಿದರೆ ಜಮೀನಿನ ವಿಸ್ತೀರ್ಣದಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಕಳೆದಷ್ಟು ಆಗಬೇಕು. ಪಹಣಿಯ ಹಾಳೆಯಲ್ಲಿ ಎರಡೂ ಎಕರೆ-ಗುಂಟೆಯಲ್ಲೇ ಬರುವುದರಿಂದ ಕಣ್ಣಿಗೆ ಒಂದೇ ಜಾತಿಯವಾಗಿ ಕಾಣುತ್ತವೆ.

ಒಂದು ಸರ್ವೆ ನಂಬರು ಕಲ್ಪಿಸಿಕೊಳ್ಳಿ, 4 ಎಕರೆ 20 ಗುಂಟೆ. ಅದರಲ್ಲಿ ಹಳ್ಳ, ದಾರಿ ಸೇರಿ 10 ಗುಂಟೆ ಖರಾಬು. ಮಿಕ್ಕದ್ದು 170 ಗುಂಟೆ. ಮೂವರು ಅಣ್ಣತಮ್ಮಂದಿರು ಊರ ಹಿರಿಯರನ್ನು ಕೂರಿಸಿಕೊಂಡು ಪಾಲು ಮಾಡಿಕೊಂಡರು. ಬಾಯಿಲೆಕ್ಕ ಸುಲಭವಾಗಲೆಂದು ಪೂರ್ತಿಯನ್ನೇ ಮೂರು ಮಾಡಿ ತಲಾ 1 ಎಕರೆ 20 ಗುಂಟೆ ಎಂದರು. ಮೂವರ ಹೆಸರಿನಲ್ಲೂ 60, 60, 60 ಗುಂಟೆ ಏರಿತು. ಒಂದೊಂದು ನಮೂದನ್ನೂ ಬಿಡಿಯಾಗಿ ನೋಡಿದರೆ ಅಕ್ಷರ ಸರಿ, ಸಹಿ ಸರಿ, ಎಂ.ಆರ್. ನಂಬರು ಸರಿ. ಕೂಡಿದರೆ 180. ನೆಲದ ಮೇಲೆ ಇರುವುದು 170. ಇಲ್ಲದ 10 ಗುಂಟೆಗೂ ಸಾಲ ಸಿಗುತ್ತದೆ, ಮಾರಾಟವೂ ಆಗುತ್ತದೆ. ಕೊನೆಗೆ ಕೊಂಡವನು ಪೋಡಿಗೆ, ಅಂದರೆ ತನ್ನ ಭಾಗವನ್ನು ಅಳೆದು ಬೇರ್ಪಡಿಸುವುದಕ್ಕೆ, ಅರ್ಜಿ ಹಾಕಿ ಸರ್ವೇಯರು ಸರಪಳಿ ಹಿಡಿದು ಬಂದ ದಿನ ಮೂರೂ ಮನೆಯ ಮಾತು ಮುರಿಯುತ್ತದೆ. ಪಹಣಿಗೂ ಆಕಾರಬಂದಿಗೂ ತಾಳೆಯಾಗದ ಪ್ರಕರಣಗಳು ತಾಲೂಕು ಕಚೇರಿಗಳಲ್ಲಿ ಯಾಕೆ ತೀರುವುದೇ ಇಲ್ಲ ಎಂದು ಕೇಳುವವರು ಈ ವಜ್ರಾಕಾರವನ್ನು ಒಮ್ಮೆ ಬರೆದು ನೋಡಬೇಕು. ಗಣಕೀಕರಣದಲ್ಲಿ ಕೈಬರಹದ ಪಹಣಿಯನ್ನು ಇದ್ದದ್ದು ಇದ್ದ ಹಾಗೆ ಏರಿಸಿದರು. ಅದಕ್ಕೆ ಕಾರಣವೂ ಇತ್ತು: ಏರಿಸುತ್ತಲೇ ತಿದ್ದಲು ಹೊರಟಿದ್ದರೆ ಕೆಲಸ ಇಂದಿಗೂ ಮುಗಿಯುತ್ತಿರಲಿಲ್ಲ, ತಿದ್ದುವ ಅಧಿಕಾರ ಡೇಟಾ ಎಂಟ್ರಿ ಮಾಡುವವರಿಗೆ ಹೋಗುತ್ತಿತ್ತು. ಆದರೆ ಹಳೆಯ ತಪ್ಪು ಅಚ್ಚಾದ ಅಕ್ಷರದಲ್ಲಿ ಬಂದಾಗ ಜನ ಅದನ್ನು ಹೆಚ್ಚು ನಂಬುತ್ತಾರೆ.

‘ವ್ಯಕ್ತಿ’ಯ ಪೆಟ್ಟಿಗೆಯನ್ನೂ ಒಂದು ನಿಮಿಷ ನೋಡಿ. ಪಹಣಿಯಲ್ಲಿ ವ್ಯಕ್ತಿ ಇಲ್ಲ, ಹೆಸರಿದೆ. ‘ತಿಮ್ಮಯ್ಯ ಬಿನ್ ಕೆಂಪಯ್ಯ’, ಅಂದರೆ ಕೆಂಪಯ್ಯನ ಮಗ ತಿಮ್ಮಯ್ಯ, ಎಂಬುದು ಅಕ್ಷರಗಳ ಒಂದು ಸಾಲು. ಒಂದೇ ಊರಿನಲ್ಲಿ ಅಂಥವರು ಇಬ್ಬರಿರಬಹುದು. ಇನ್ನೊಂದು ಸರ್ವೆ ನಂಬರಿನಲ್ಲಿ ಅವನೇ ‘ತಿಮ್ಮೇಗೌಡ’ ಆಗಿರಬಹುದು. ‘ಕೋಂ’ ಎಂದು ಗಂಡನ ಹೆಸರಿನೊಂದಿಗೆ ದಾಖಲಾದ ಹೆಂಗಸು ತವರಿನ ಪಹಣಿಯಲ್ಲಿ ತಂದೆಯ ಹೆಸರಿನೊಂದಿಗೆ ಇರುತ್ತಾಳೆ. ಒಬ್ಬಳೇ ಹೆಂಗಸು, ಎರಡು ದಾಖಲೆಗೆ ಇಬ್ಬರು. ಶಾನುಭೋಗರ ಕಾಲದಲ್ಲಿ ಇದು ತೊಂದರೆಯಾಗಿರಲಿಲ್ಲ, ಯಾಕೆಂದರೆ ‘ವ್ಯಕ್ತಿ’ ಎಂಬ ಪೆಟ್ಟಿಗೆ ಇದ್ದದ್ದು ಅವರ ತಲೆಯಲ್ಲಿ. ಕಡತವನ್ನು ಯಂತ್ರಕ್ಕೆ ಏರಿಸಿದೆವು, ತಲೆಯನ್ನು ಏರಿಸಲಾಗಲಿಲ್ಲ.

ಈ ಮೂರೂ ಚಿತ್ರಗಳಲ್ಲಿ ಎಲ್ಲರೂ ಸಭ್ಯರು. ಬಾಣ ಹೇಳಿದ ಕಡೆಗೆ ಹೋಗುತ್ತದೆ, ಪೆಟ್ಟಿಗೆಗೆ ದುರಾಸೆ ಇಲ್ಲ. ತಾಲೂಕು ಕಚೇರಿಯ ಮುಂದಿನ ಜೆರಾಕ್ಸ್ ಅಂಗಡಿ, ಪತ್ರ ಬರಹಗಾರರ ಮೇಜು, ‘ನಾನು ಮಾಡಿಸಿಕೊಡ್ತೀನಿ ಬನ್ನಿ ಯಜಮಾನರೇ’ ಎನ್ನುವ ದಲ್ಲಾಳಿ ಇವುಗಳಲ್ಲಿ ಎಲ್ಲೂ ಬರುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪೀಟರ್ ಚೆಕ್‌ಲ್ಯಾಂಡ್ ಈ ಕೊರತೆಗೆಂದೇ ‘ರಿಚ್ ಪಿಕ್ಚರ್’ ಎಂಬ ಚಿತ್ರವನ್ನು ಬಳಕೆಗೆ ತಂದರು. ಅದಕ್ಕೆ ವ್ಯಾಕರಣವೇ ಇಲ್ಲ. ಮನುಷ್ಯರನ್ನು ಕಡ್ಡಿಗೊಂಬೆಯ ಹಾಗೆ ಬರೆಯಿರಿ, ತಲೆಯ ಮೇಲೆ ಅವರ ಮನಸ್ಸಿನ ಮಾತು ಬರೆಯಿರಿ, ಜಗಳ ಇರುವಲ್ಲಿ ಅಡ್ಡ ಹಿಡಿದ ಕತ್ತಿ, ಹೊರಗಿನಿಂದ ನೋಡುವವರಿಗೆ ಒಂದು ಕಣ್ಣು. ಎಂಜಿನಿಯರಿಂಗ್ ಹುಡುಗರು ಇದನ್ನು ಮಕ್ಕಳಾಟವೆಂದು ನಗುತ್ತಾರೆ. ದಲ್ಲಾಳಿಯನ್ನು ಬರೆಯುವ ಧೈರ್ಯವಿರುವ ಚಿತ್ರ ನಾನು ಕಂಡ ಮಟ್ಟಿಗೆ ಇದೊಂದೇ. ಅವನನ್ನು ಬರೆದ ಮೇಲೆ ಮುಂದಿನ ಪ್ರಶ್ನೆ ಕೇಳಬಹುದು: ಅವನು ಮಾರುವುದು ಏನನ್ನು? ಬಹಳ ಸಲ ಲಂಚದ ಸಾಗಣೆಗಿಂತ ಮೊದಲು ಅವನು ಮಾರುವುದು ‘ನಿಮ್ಮ ಅರ್ಜಿ ಈಗ ಎಲ್ಲಿದೆ’ ಎಂಬ ಸುದ್ದಿಯನ್ನು. ಅಂದರೆ ಕಚೇರಿಯಿಂದ ರೈತನಿಗೆ ಬರಬೇಕಾದ ಬಾಣವೊಂದು ಇಲ್ಲ, ಅದರ ಜಾಗದಲ್ಲಿ ಅವನಿದ್ದಾನೆ.

ಗುತ್ತಿಗೆಗೆ ಉಳುವವನೂ ಈ ಚಿತ್ರದಲ್ಲಿ ಮಾತ್ರ ಬರುತ್ತಾನೆ. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನಂತರ ಕರ್ನಾಟಕದ ಕಾನೂನಿನಲ್ಲಿ ಗೇಣಿ ಎಂಬುದು ಬಹುಮಟ್ಟಿಗೆ ಇಲ್ಲ. ಇಲ್ಲದ್ದನ್ನು ಪಹಣಿಯಲ್ಲಿ ಉಳುವವರ ವಿವರ ಬರುವ 12ನೇ ಕಾಲಮ್ಮಿನಲ್ಲಿ ಬರೆಯುವಂತಿಲ್ಲ. ಹೊಲದಲ್ಲಿ ಮಾತ್ರ ವಾರಕ್ಕೆ, ಗುತ್ತಿಗೆಗೆ ಮಾಡುವವರು ಇದ್ದೇ ಇದ್ದಾರೆ, ಬಾಯಿಮಾತಿನ ಮೇಲೆ. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ ಪಹಣಿಯಲ್ಲಿರುವವರ ಖಾತೆಗೆ ಹೋಗುತ್ತದೆ. ಡಿಎಫ್‌ಡಿ ಪ್ರಕಾರ ಅಲ್ಲಿ ಯಾವ ದೋಷವೂ ಇಲ್ಲ.

2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯ ಮೇಲೆ ಬರೆದ ಟೀಕೆಯನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಸುತ್ತ ಜಮೀನಿನ ದಾಖಲೆ ಒಂದೆಡೆ ಸೇರಿದ್ದು ದೊಡ್ಡ ಕೈಗಳಿಗೆ ಅನುಕೂಲವಾಯಿತು, ಊರಿನ ಮಟ್ಟದಲ್ಲಿ ಸಣ್ಣ ಹಿಡುವಳಿದಾರರಿಗೆ ಇದ್ದ ಹಿಡಿತ ಸಡಿಲವಾಯಿತು ಎಂಬುದು ಅವರ ವಾದ. ನಾನು ಅದನ್ನು ಪೂರ್ತಿ ಒಪ್ಪುವವನಲ್ಲ. ಊರಿನ ಹಿಡಿತ ಎಂಬುದು ಯಾರ ಹಿಡಿತವಾಗಿತ್ತು ಎಂಬುದನ್ನು ಹಳ್ಳಿಯಿಂದ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ಪ್ರಶಸ್ತಿ ಪಡೆದ ವ್ಯವಸ್ಥೆಯನ್ನು ಬೇರೆ ಬಗೆಯ ಚಿತ್ರದಲ್ಲಿ ಬರೆದರೆ ಬೇರೆ ಮುಖ ಕಾಣುತ್ತದೆ ಎಂಬುದಕ್ಕೆ ಆ ಬರಹ ಒಳ್ಳೆಯ ಸಾಕ್ಷಿ.

ಇನ್ನು ಒಂದು ಮಾತು. ಮೆಲ್ವಿನ್ ಕಾನ್ವೆ ಎಂಬ ಪ್ರೋಗ್ರಾಮರ್ 1968ರಲ್ಲಿ ಒಂದು ಲೇಖನ ಬರೆದು, ಸಂಸ್ಥೆಗಳು ಕಟ್ಟುವ ವ್ಯವಸ್ಥೆಗಳು ಆ ಸಂಸ್ಥೆಯೊಳಗೆ ಯಾರು ಯಾರೊಡನೆ ಮಾತಾಡುತ್ತಾರೋ ಅದರ ಪಡಿಯಚ್ಚಾಗಿರುತ್ತವೆ ಎಂದು ವಾದಿಸಿದ. ನಮ್ಮಲ್ಲಿ ಪಹಣಿಗೆ ‘ಭೂಮಿ’, ನೋಂದಣಿಗೆ ‘ಕಾವೇರಿ’, ಸರ್ವೆಗೆ ‘ಮೋಜಿಣಿ’. ಜಮೀನು ಒಂದೇ, ತಂತ್ರಾಂಶ ಮೂರು, ಏಕೆಂದರೆ ಇಲಾಖೆಗಳು ಮೂರು. ನೋಂದಣಿಯವರು 1908ರ ಕೇಂದ್ರ ಕಾಯಿದೆಗೆ ಉತ್ತರಿಸಬೇಕು, ಕಂದಾಯದವರು 1964ರ ರಾಜ್ಯ ಕಾಯಿದೆಗೆ. ಇವುಗಳನ್ನು ಒಂದಕ್ಕೊಂದು ಹೊಲಿಯುವ ಕೆಲಸ ವರ್ಷಗಳ ಕಾಲ ನಡೆಯಿತು. ಜೆ ಫಾರಂ ಕಾಗದದಲ್ಲಿ ಹೋಗುವುದು ನಿಂತು ತಂತ್ರಾಂಶದಿಂದ ತಂತ್ರಾಂಶಕ್ಕೆ ಹೋಗತೊಡಗಿತು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವವರು ಮೊದಲೇ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕೆಂದು ನಿಯಮ ಬಂತು. ನಾನು ಹೇಳಿದ 10 ಗುಂಟೆಯ ಜಗಳ ಮಾರಾಟದ ಮೊದಲೇ ಹೊರಬರಲಿ ಎಂಬುದು ಅದರ ಉಪಯೋಗ. ಮ್ಯುಟೇಶನ್ನಿನ ನಂತರ ಇದ್ದ ಅಳತೆಯ ಬಾಣವನ್ನು ನೋಂದಣಿಗಿಂತ ಮೊದಲಿಗೆ ತಂದರು, ಅಷ್ಟೆ. ಯಂತ್ರ ಹೊಸದಲ್ಲ, ಬಾಣದ ಜಾಗ ಹೊಸದು. ರೈತರು ಸರ್ವೇಯರಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು ಎಂಬುದೂ ನಿಜ. ಅದನ್ನು ನೋಡಲು ಗಿಲ್ಬ್ರೆತ್ ದಂಪತಿಯ ಚಿತ್ರಕ್ಕೆ ವಾಪಸು ಹೋಗಬೇಕು.

ಚಿತ್ರ ಬರೆಯುವವರು ಯಾರು ಎಂಬುದರ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಡಿಮಾರ್ಕೊ ಕಾಲದವರು ಒಂದು ಶಿಸ್ತು ಹೇಳುತ್ತಿದ್ದರು: ಮೊದಲು ಈಗ ನಡೆಯುತ್ತಿರುವುದನ್ನು ಮೇಜು, ಬೀರು, ಗುಮಾಸ್ತರ ಸಮೇತ ಬರೆಯಿರಿ, ಆಮೇಲೆ ಅದರ ತಿರುಳನ್ನು ಬರೆಯಿರಿ, ಹೊಸದಕ್ಕೆ ಅದಾದ ಮೇಲೆ ಕೈಹಾಕಿ. ನಮ್ಮ ಟೆಂಡರು ದಾಖಲೆಗಳಲ್ಲಿ ಮೊದಲ ಹೆಜ್ಜೆ ನಾಲ್ಕು ಪುಟದಲ್ಲಿ ಮುಗಿದುಹೋಗುತ್ತದೆ. ಅದನ್ನು ಬರೆಯುವವರು ಸಲಹಾ ಕಂಪನಿಯವರು, ಮಾತಾಡುವುದು ಹಿರಿಯ ಅಧಿಕಾರಿಗಳೊಡನೆ. ಹಿರಿಯ ಅಧಿಕಾರಿಗಳು ನಿಯಮ ಹೇಳುತ್ತಾರೆ, ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಮಾತ್ರ ನಡೆಯುವುದನ್ನು ಹೇಳಬಲ್ಲರು. ಅವರ ಮೇಜಿನ ಡ್ರಾಯರಿನಲ್ಲಿ ಒಂದು ಖಾಸಗಿ ನೋಟ್‌ಬುಕ್ ಇರುತ್ತದೆ, ಯಾವ ಸರ್ಕಾರಿ ನಮೂನೆಯಲ್ಲೂ ಇಲ್ಲದ ಕಾಲಮ್ಮುಗಳನ್ನು ಗೀಚಿಕೊಂಡದ್ದು. ಆ ನೋಟ್‌ಬುಕ್ಕು ಸಿಕ್ಕಿತೆಂದರೆ ಅರ್ಧ ಚಿತ್ರ ಸಿಕ್ಕಿದ ಹಾಗೆ. ಸರ್ಕಾರಿ ತಂತ್ರಾಂಶ ಎಲ್ಲಿ ಸಾಲದಾಯಿತೋ ಅಲ್ಲಿ ಅದು ಹುಟ್ಟಿಕೊಂಡಿರುತ್ತದೆ. ಚಿತ್ರವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಮೂಲೆಯಲ್ಲಿ ತಾರೀಖು ಹಾಕಿ. ತಾರೀಖಿಲ್ಲದ ನಕ್ಷೆಯನ್ನು ಹೊಸದಾಗಿ ಬಂದ ಅಧಿಕಾರಿ ಇಂದಿನದೆಂದೇ ನಂಬುತ್ತಾರೆ.

ವಿದ್ಯಾರ್ಥಿಗಳಿಗೆ ಮನೆಗೆಲಸ ಕೊಡದೆ ಇಳಿದರೆ ನನಗೆ ನಿದ್ದೆ ಬರುವುದಿಲ್ಲ. ನೀವು ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುತ್ತೀರಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಒತ್ತಿದರೆ ನಾಡಕಚೇರಿಯ ದಾಖಲೆಯಿಂದ ವಿವರ ತಾನಾಗಿ ಬರುತ್ತದೆ. ಎರಡು ಇಲಾಖೆಗಳ ನಡುವೆ ಕೆಲಸ ಮಾಡುತ್ತಿರುವ ಬಾಣ ಅದು. ಇದರ ಮೂರು ಚಿತ್ರ ಬರೆಯಿರಿ: ಹರಿವಿನದೊಂದು, ಕಾಯುವಿಕೆಯದೊಂದು, ಪೆಟ್ಟಿಗೆ-ವಜ್ರಗಳದೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರುವ ವಿದ್ಯಾರ್ಥಿಯ ಅರ್ಜಿ ಯಾವ ಚಿತ್ರದಲ್ಲಿ, ಎಲ್ಲಿ ನಿಲ್ಲುತ್ತದೆ ನೋಡಿ. ಬರೆಯುವ ಮೊದಲು ನಿಮ್ಮ ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರ ಹತ್ತಿರ ಹೋಗಿ, ಮಧ್ಯಾಹ್ನ ಮೂರರ ಮೇಲೆ, ರಶ್ ಕಡಿಮೆಯಾದಾಗ. ಅವರ ಡ್ರಾಯರಿನಲ್ಲಿ ನೋಟ್‌ಬುಕ್ ಇದೆಯೇ ಎಂದು ವಿನಯದಿಂದ ಕೇಳಿ.